ಬಂಗುಡೆ ವಾಸನೆಯ ಕಂಪ್ಯೂಟರು

ಒಸಾಕಾದ ಉರಾಬೆಯ ಮೂಗು ಎಂಥದ್ದೆಂದರೆ, ಅವನು ಒಮ್ಮೆ ನಿಪ್ಪೊಂಬಾಶಿಯ ತನ್ನ ರಿಪೇರಿ ಅಂಗಡಿಯಲ್ಲಿ ಕೂತು ಉತ್ತರಕ್ಕೆ ಮುಖ ಮಾಡಿ ಉಸಿರೆಳೆದದ್ದಕ್ಕೆ, ಹೊಕ್ಕೈಡೊ ದ್ವೀಪದ ಯಾವುದೋ ಶಾಲೆಯಲ್ಲಿ ಮೂಲೆ ಸೇರಿದ್ದ ಕಂಪ್ಯೂಟರಿನೊಳಗೆ ಎಡಗಡೆಯಿಂದ ಮೂರನೆಯ ಬೆಸುಗೆ ಸಡಿಲವಾಗಿರುವುದು ತಿಳಿದುಹೋಯಿತು. ಕೂಡಲೇ ಅಲ್ಲಿನ ಹೆಡ್ಮಾಸ್ತರರಿಗೆ ಫೋನು ಮಾಡಿ ಹೇಳಿದ. ಅವರು ಬಿಚ್ಚಿ ನೋಡಿದರೆ ಹೌದು, ಎಡಗಡೆಯಿಂದ ಮೂರನೆಯದೇ. ನಡುವೆ ಒಂದು ಸಮುದ್ರವಿದೆಯಲ್ಲ ಎಂದು ತಕರಾರು ತೆಗೆಯುವವರಿಗೆ ಒಂದೇ ಉತ್ತರ: ಅವತ್ತು ಗಾಳಿ ಈ ಕಡೆಗೇ ಬೀಸುತ್ತಿತ್ತು.

ಇನ್ನೂ ನಂಬಿಕೆ ಬಾರದವರು ಕ್ಯೋಟೋಗೆ, ನೇಕಾರರ ಕೇರಿಯಾದ ನಿಶಿಜಿನ್ನಿನ ನಮ್ಮ ಓಣಿಗೆ ಬಂದು ಹಿಸಾನೋಳನ್ನು ಕೇಳಬಹುದು. ಕೇಳಿದರೆ ಅವಳು ನಗುತ್ತಾಳೆ, ಚಹಾ ಕೊಡುತ್ತಾಳೆ, ಏನೂ ಹೇಳುವುದಿಲ್ಲ. ಕ್ಯೋಟೋದವರು ಹಾಗೇ. ಆದ್ದರಿಂದ ಅವಳ ಕತೆಯನ್ನು ಅವಳ ಬದಲು ಬೇರೆಯವರು ಹೇಳುವುದೇ ಮೇಲು.

ಕಿಮೊನೊದ ಸೊಂಟಕ್ಕೆ ಸುತ್ತುವ ಓಬಿ ನೇಯುವುದು ಹಿಸಾನೋಳ ಕಸುಬು. ಅವಳು ನೇಯ್ದ ಹೂವಿನ ಮೇಲೆ ದುಂಬಿ ಬಂದು ಕೂತು, ಮೋಸಹೋದೆನೆಂದು ನಾಚಿ, ಗೋಡೆಗೆ ಹಣೆ ಚಚ್ಚಿಕೊಂಡು ಹೋದದ್ದುಂಟು. ಅವಳ ಮಗ್ಗದ ಪಕ್ಕದಲ್ಲಿ, ನೆರೆಮನೆಯ ಗೋಡೆಗೆ ಆತುಕೊಂಡು, ಒಂದು ಹಳೆಯ ಕಂಪ್ಯೂಟರು ಕೂತಿತ್ತು. ಅವಳ ಕೂದಲು ಕಪ್ಪಗಿದ್ದ ಕಾಲದ್ದು. ಬಂದಾಗ ಬೆಳ್ಳಗಿದ್ದ ಪೆಟ್ಟಿಗೆ ಈಗ ಚಹಾದ ಬಣ್ಣಕ್ಕೆ ತಿರುಗಿತ್ತು. ಫ್ಲಾಪಿ ತುರುಕಿದರೆ ಮುದುಕ ಗಂಟಲು ಸರಿಮಾಡಿಕೊಂಡ ಹಾಗೆ ಗೊರಗೊರ ಅಂದು, ಪ್ರತಿ ಸಲ ಲಾಳಿ ಓಡುವ ಮುಂಚೆ ಹಾಸಿನ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಅಂತ ಮಗ್ಗದ ಕೊಕ್ಕೆಗಳಿಗೆ ಹೇಳುತ್ತಿತ್ತು. ಕೊಕ್ಕೆಗಳು ಹೇಳಿದಂತೆ ಕೇಳುತ್ತಿದ್ದವು. ಹಿಸಾನೋ ತುಳಿಯುತ್ತಿದ್ದಳು, ಲಾಳಿ ಓಡುತ್ತಿತ್ತು, ಬಟ್ಟೆಯಲ್ಲಿ ಹೂವೋ ಹಕ್ಕಿಯೋ ಮೂಡುತ್ತಿತ್ತು. ಅವಳ ಮದುವೆಗಿಂತ ಚೆನ್ನಾಗಿ ಬಾಳಿದ ಸಂಸಾರ ಅದು.

ಆ ವರ್ಷ ಮಗ್ಗದ ಮೇಲಿದ್ದದ್ದು ನೆರೆಮನೆಯ ಮೊಮ್ಮಗಳು ಕೊನಾತ್ಸುವಿನ ಮದುವೆಯ ಓಬಿ. ಅಲೆಗಳ ಮೇಲೆ ಪುಟ್ಟ ಕಡಲಹಕ್ಕಿಗಳ ಹಿಂಡು. ನೂಲಿಗೆ ಬಣ್ಣ ಕಟ್ಟಿದವನು ಹುಡುಗಿಯ ಅಜ್ಜ ಸೋಮೆಯಾ. ಸೋಮೆಯಾನ ನೀಲಿಯೆಂದರೆ, ಹಬ್ಬಹರಿದಿನ ಬಂದಾಗ ಆಕಾಶವೇ ಇಳಿದುಬಂದು ಅವನ ತೊಟ್ಟಿಯಲ್ಲಿ ಒಂದು ಸಲ ಮುಳುಗೆದ್ದು ಹೋಗುತ್ತಿತ್ತು. ಕೈ ನಡುಗಲು ಶುರುವಾದ ಮೇಲೆ ಮುದುಕ ಮೊಮ್ಮಗಳಿಗೆಂದೇ ಕೊನೆಯದೊಂದು ತೊಟ್ಟಿ ನೀಲಿ ಕಲಸಿ, ನೂಲು ಅದ್ದಿ, ತೊಟ್ಟಿ ತೊಳೆದು ಬೋರಲು ಹಾಕಿಬಿಟ್ಟ. ಇನ್ನೊಮ್ಮೆ ಬೇಕೆಂದರೆ ಆ ನೀಲಿ ಇಲ್ಲ. ಹಕ್ಕಿಗಳ ನಕ್ಷೆ ಇದ್ದದ್ದು ಹಳೆಯ ಫ್ಲಾಪಿಗಳಲ್ಲಿ. ಅವನ್ನು ಓದಬಲ್ಲದ್ದು ಆ ಕಂಪ್ಯೂಟರೊಂದೇ. ಮದುವೆ ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ. ಎಲೆಯಂತೂ ಯಾರಿಗೂ ಕಾಯುವ ಪೈಕಿಯಲ್ಲ.

ಅರ್ಧ ಓಬಿ ಮುಗಿದಿತ್ತು. ಒಂದು ಬೆಳಗ್ಗೆ ಹಿಸಾನೋ ನಾಲ್ಕು ಬೆರಳಗಲ ನೇಯ್ದು, ರೂಢಿಯಂತೆ ಬಟ್ಟೆಯ ಮೇಲೆ ಅಂಗೈ ಆಡಿಸಿದಳು. ಕೈ ನಿಂತಿತು. ಬೆಳಕಿಗೆ ಬಾಗಿ ನೋಡಿದಳು. ನೀಲಿಯ ಉದ್ದಕ್ಕೂ ಕೂದಲಿನಷ್ಟು ಸಣ್ಣ ಗೆರೆಗಳು, ಬಾಚಣಿಗೆಯಲ್ಲಿ ಬಾಚಿದ ಹಾಗೆ. ಗೆರೆ ಹಕ್ಕಿಗಳ ಕಣ್ಣಿನ ಮೇಲೇ ಹಾದು, ಇಡೀ ಹಿಂಡು ಕುರುಡಾಗಿ ಅಲೆಯ ಮೇಲೆ ತಡವರಿಸುತ್ತಿತ್ತು.

ಅವಳು ನಾಲ್ಕು ಬೆರಳಗಲವನ್ನೂ ಬಿಚ್ಚಿದಳು. ಕೊಕ್ಕೆಗಳಿಗೆ ಎಣ್ಣೆ ಬಿಟ್ಟಳು, ಧೂಳು ಊದಿದಳು, ಮತ್ತೆ ನೇಯ್ದಳು. ಮತ್ತೆ ಗೆರೆ. ತೋರಿಸಲೆಂದು ಒಂದು ಬೆರಳಗಲ ಮಾತ್ರ ಬಿಟ್ಟು ಮತ್ತೆ ಬಿಚ್ಚಿದಳು. ರೇಷ್ಮೆ ಎಷ್ಟು ಸಲ ಬಿಚ್ಚಿಸಿಕೊಂಡೀತು? ನೂಲಿನ ಮೈ ಆಗಲೇ ನವಿರೆದ್ದು ಮಂಕಾಗತೊಡಗಿತ್ತು. ಇನ್ನೊಂದು ಸಲ ಬಿಚ್ಚಿದರೆ ಸೋಮೆಯಾನ ನೀಲಿ ಸೋಮೆಯಾನ ನೀಲಿಯಾಗಿ ಉಳಿಯುವುದಿಲ್ಲ.

ಮಗ್ಗ ರಿಪೇರಿಗೆಂದು ಇಬ್ಬರು ಸೂಟುಧಾರಿಗಳು ಬಂದರು. ಪೆಟ್ಟಿಗೆಯನ್ನು ಮುಟ್ಟದೆಯೇ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಅಮ್ಮಾ, ಇದನ್ನ ಮ್ಯೂಸಿಯಮ್ಮಿಗೆ ಕೊಟ್ಬಿಡಿ. ಹೊಸದು ಹಾಕಿಸ್ಕೊಳ್ಳಿ.”

“ಹೊಸದು ನನ್ನ ಫ್ಲಾಪಿ ಓದತ್ತಾ?”

ಇಬ್ಬರಲ್ಲಿ ಚಿಕ್ಕವನು ದೊಡ್ಡವನ ಕಿವಿಯಲ್ಲಿ, “ಫ್ಲಾಪಿ ಅಂದ್ರೆ ಯಾವುದು?” ಅಂದದ್ದು ಬೀದಿಯ ತುದಿಯವರೆಗೂ ಕೇಳಿಸಿತು.

ನೆರೆಮನೆಗೆ ಹೋಗಿ ‘ಓಬಿ ನಿಂತುಹೋಗಿದೆ’ ಎಂದು ಹೇಳುವುದು ನೇರವಾದ ದಾರಿ. ಆದರೆ ಕ್ಯೋಟೋದಲ್ಲಿ ನೇರ ದಾರಿಯಲ್ಲಿ ಪರವೂರಿನವರು ಮಾತ್ರ ಓಡಾಡುತ್ತಾರೆ. ಹಿಸಾನೋ ಏನು ಮಾಡಿದಳೆಂದರೆ, ಗೋಡೆಯಾಚೆಯವರಿಗೆ ಕೆಲಸ ನಡೆಯುತ್ತಿದೆ ಎನ್ನಿಸಲಿ ಅಂತ, ದಿನವೂ ಬೆಳಗ್ಗೆ ಕೂತು ಖಾಲಿ ಮಗ್ಗ ತುಳಿಯತೊಡಗಿದಳು. ಲಾಳಿಯಿಲ್ಲ, ಹೊಕ್ಕಿಲ್ಲ, ಬರೀ ಟಕಟಕ. ನೇಯ್ದರೆ ಕೈ ನೋಯುತ್ತದೆ; ನೇಯದೆ ತುಳಿದರೆ ನೋಯುವುದು ಬೇರೆ ಕಡೆ.

ಇದರ ಮೇಲೆ ಬಂಗುಡೆಯ ಜಗಳ ಬೇರೆ.

ಜಗಳ ಎಂದರೆ ಯಾರೂ ಒಂದು ಮಾತು ಗಟ್ಟಿಯಾಗಿ ಆಡಿದ್ದಲ್ಲ. ಚೆರ್ರಿ ಹೂವಿನ ಕಾಲದಿಂದ ಹಿಸಾನೋಳ ಮಗ್ಗದ ಕೋಣೆಯಲ್ಲಿ ಮೀನಿನ ವಾಸನೆ. ಗೋಡೆಯ ಮೇಲಿನ ಪುಟ್ಟ ಕಿಟಕಿ ಸೋಮೆಯಾ ಮನೆಯ ಹಿತ್ತಿಲಿಗೆ ತೆರೆಯುತ್ತದೆ. ಅಂದ ಮೇಲೆ ಇನ್ನೇನು, ಸೋಮೆಯಾನ ಹೆಂಡತಿ ಫುಸಾ ಮೂರು ಹೊತ್ತೂ ಬಂಗುಡೆ ಸುಡುತ್ತಿದ್ದಾಳೆ! ಅದೂ ಸ್ವಲ್ಪ ಹಳಸಿದ ಬಂಗುಡೆ. ಗೋಡೆಯ ಆಚೆ ಫುಸಾಳಿಗೂ ಅದೇ ವಾಸನೆ, ಅದೇ ಕಿಟಕಿ, ಅದೇ ತೀರ್ಮಾನ: ಪಾಪ ಹಿಸಾನೋ, ಒಂಟಿ ಹೆಂಗಸು, ನಾಲಿಗೆ ಚಪಲ.

ಬಾಗಿಲ ಮುಂದೆ ನೀರು ಚಿಮುಕಿಸುವಾಗ ಇಬ್ಬರೂ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿಕೊಳ್ಳುತ್ತಿದ್ದರು.

“ಹಿಸಾನೋಸಾನ್, ತಮ್ಮನೇಲಿ ಊಟ ಬಹಳ ಸಮೃದ್ಧಿಯಾಗಿ ನಡೀತಿದೆ ಅಂತ ಕಾಣತ್ತೆ. ಮೂಸಿ, ಅಂದ್ರೆ ನೋಡಿ, ಸಂತೋಷ.”

“ಅಯ್ಯೋ, ನಮ್ಮದೇನು ಫುಸಾಸಾನ್! ತಮ್ಮ ಹಿತ್ತಿಲಿಗೆ ಸಮುದ್ರಾನೇ ಬಂದು ಕೂತಿರೋ ಹಾಗಿದೆ. ಪುಣ್ಯವಂತರು ತಾವು.”

ಮರುದಿನ ಹಿಸಾನೋ ನೆರೆಮನೆಗೆ ಉಡುಗೊರೆಯಾಗಿ ಒಂದು ಕಟ್ಟು ಊದುಬತ್ತಿ ಕಳಿಸಿದಳು. ಅದರ ಮಾರನೆಯ ದಿನ ಫುಸಾಳಿಂದ ಒಂದು ಬೀಸಣಿಗೆ ಬಂತು. ಹಿಸಾನೋ ವಾಸನೆ ಹೀರುವ ಕಟ್ಟಿಗೆ ಇದ್ದಿಲು ಕಳಿಸಿದಳು. ಫುಸಾ ಸ್ನಾನಕ್ಕೆ ಹಾಕುವ ಘಮಘಮ ಪುಡಿ ಕಳಿಸಿದಳು. ಬೇಸಗೆಯ ಹೊತ್ತಿಗೆ ಎರಡೂ ಮನೆಯಲ್ಲಿ ಸುಗಂಧದ ಅಂಗಡಿಯಿಡುವಷ್ಟು ಸಾಮಾನು ಸೇರಿತ್ತು, ಮಾತು ಮಾತ್ರ ಪೂರ್ತಿ ನಿಂತಿತ್ತು. ಹಿಸಾನೋ ಆ ಕಿಟಕಿಯನ್ನು ಮುಚ್ಚಿ, ಸಂದಿಗೆ ಕಾಗದ ಅಂಟಿಸಿ, ಮೀನಿನ ಹೊಗೆ ಕಂಪ್ಯೂಟರಿಗೆ ತಾಗದಿರಲೆಂದು ಅದಕ್ಕೆ ದಪ್ಪ ಹತ್ತಿಯ ಹೊದಿಕೆಯನ್ನೂ ಹೊದಿಸಿದಳು. ಬೇಸಗೆಯಲ್ಲಿ ಹೊದ್ದು ಕೂತ ಪೆಟ್ಟಿಗೆ ಒಳಗೊಳಗೇ ಕಾಯುತ್ತಿತ್ತು.

ಇನ್ನು ಓಣಿಯ ಮೂಲೆಯಲ್ಲಿ ತೋಫು ಮಾಡುವ ಯಾಸುಕೆ ಎಂಬ ಮಹಾನುಭಾವನಿದ್ದಾನೆ. ಬುದ್ಧಿಯಲ್ಲಿ ಬೃಹಸ್ಪತಿ, ನೋಡಲು ಸಿನಿಮಾ ನಟ. ಅವನ ತೋಫು ಎಷ್ಟು ಮೃದುವೆಂದರೆ ಅದರ ಮೇಲೆ ತಲೆಯಿಟ್ಟು ನಿದ್ದೆ ಹೋದವರಿದ್ದಾರೆ. ಹಿಸಾನೋ ತೋಫುವಿಗೆಂದು ಬಂದು, ಬಟ್ಟಲನ್ನು ಕೈಯಲ್ಲೇ ಹಿಡಿದು, ಕೊಳ್ಳುವುದನ್ನೇ ಮರೆತು ನಿಂತದ್ದನ್ನು ಕಂಡು ಅವನಿಗೆ ಎಲ್ಲ ಅರ್ಥವಾಯಿತು.

“ಯಂತ್ರಕ್ಕೆ ಮೈ ಹುಷಾರಿಲ್ವಾ?” ಅಂದ. “ಒಸಾಕಾದಲ್ಲಿ ಒಬ್ಬ ಇದ್ದಾನೆ. ಬಾಯಿ ಸ್ವಲ್ಪ ಜೋರು. ಕೈ ಮಾತ್ರ ದೇವರು ಬಿಡುವಾಗಿದ್ದಾಗ ಕೂತು ಮಾಡಿದ್ದು.”

ಹಿಸಾನೋ ಒಂದು ದಿನ ಯೋಚಿಸಿದಳು. ಒಸಾಕಾದವನನ್ನು ಮಗ್ಗದ ಕೋಣೆಗೆ ಬಿಟ್ಟುಕೊಳ್ಳುವುದೆಂದರೆ ಎತ್ತನ್ನು ಪಿಂಗಾಣಿ ಅಂಗಡಿಗೆ ಕರೆದ ಹಾಗೆ. ಆದರೆ ಮೇಪಲ್ಲಿನ ತುದಿಯ ಎಲೆಗಳು ಆಗಲೇ ಹಳದಿಗೆ ತಿರುಗುತ್ತಿದ್ದವು. ಕರೆಸಿದಳು.

ಉರಾಬೆ ಬಂದ. ಎಷ್ಟು ದಪ್ಪವೆಂದರೆ ಅವನು ಓಣಿಗೆ ಕಾಲಿಟ್ಟಾಗ ಆಚೆ ತುದಿಯಿಂದ ಒಂದು ಸೈಕಲ್ಲು ಹೊರಗೆ ಬಿತ್ತು. ಕೊರಳಲ್ಲಿ ಟವೆಲ್ಲು, ಹೆಗಲಲ್ಲಿ ಚೀಲ, ಬಾಯಲ್ಲಿ ಇನ್ನೂ ಅರ್ಧ ತಕೋಯಾಕಿ, ಅವರೂರಿನ ಆಕ್ಟೋಪಸ್ ಬೋಂಡಾ. ಹಿಸಾನೋಳ ಬಾಗಿಲ ಮುಂದೆ ನಿಂತು, ಮೂಗು ಮೇಲೆತ್ತಿ, ನಾಲ್ಕು ಓಣಿಗೆ ಕೇಳುವಂತೆ ಕೂಗಿದ:

“ಯಾರ ಮನ್ಯಾಗ್ರೀ ಬಂಗುಡಿ ಸುಡಾಕತ್ತಾರ? ಅಬ್ಬಬ್ಬಬ್ಬಾ, ಏನ ವಾಸನಿ!”

ಓಣಿಯಲ್ಲಿ ಗಾಳಿ ನಿಂತಿತು. ಮಗ್ಗಗಳು ನಿಂತವು. ಆರು ತಿಂಗಳಿಂದ ಎರಡು ಮನೆಯವರು ಊದುಬತ್ತಿ, ಬೀಸಣಿಗೆಗಳ ಅಡಿಯಲ್ಲಿ ಹೂತಿಟ್ಟಿದ್ದ ಮಾತನ್ನು ಈ ಮನುಷ್ಯ ಚಪ್ಪಲಿ ಬಿಡುವ ಮುಂಚೆಯೇ ಬೀದಿಗೆ ಎಳೆದುಹಾಕಿದ್ದ. ಹಿಸಾನೋಳ ಮುಖ ಕೆಂಪಾಯಿತು. ಪಕ್ಕದ ಬಾಗಿಲು ಸರಿದು ಫುಸಾ ಹೊರಗೆ ಬಂದಳು. ಅವಳ ಮುಖವೂ ಅದೇ ಬಣ್ಣ.

“ಅಕ್ಕಾರ, ನಿಮ್ಮನ್ಯಾಗ?” ಉರಾಬೆ ಹಿಸಾನೋಳನ್ನು ಕೇಳಿದ.

“ಛೆ ಛೆ, ನಾನು ಮೀನು ಸುಡೋದೇ ಇಲ್ಲ. ರೇಷ್ಮೆಗೆ ವಾಸನೆ ಹಿಡಿಯತ್ತೆ.”

“ಹಂಗಾರ ಈ ಅಕ್ಕಾರ ಮನ್ಯಾಗ?”

“ನಮ್ಮನೇಲಾ?” ಫುಸಾ ಎದೆಯ ಮೇಲೆ ಕೈಯಿಟ್ಟಳು. “ನಮ್ಮವರಿಗೆ ಬಂಗುಡೆ ತಿಂದ್ರೆ ಮೈಯೆಲ್ಲಾ ಕಡಿತ. ಮನೆಗೆ ಬಂಗುಡೆ ಬಂದು ಹತ್ತು ವರ್ಷ ಆಯ್ತು.”

ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು. ನಡುವೆ ಒಂದು ಕಟ್ಟು ಊದುಬತ್ತಿ, ಒಂದು ಬೀಸಣಿಗೆ, ಒಂದು ಮೂಟೆ ಇದ್ದಿಲು ಸಾಲಾಗಿ ಹಾದುಹೋದವು.

“ಇಬ್ಬರೂ ಸುಡಾಕತ್ತಿಲ್ಲಾ. ಮತ್ತ ಸುಡಾಕತ್ತಾರ ಯಾರು, ದೇವ್ರ?” ಅನ್ನುತ್ತ ಉರಾಬೆ ಚಪ್ಪಲಿ ಕಳಚಿ, ಮೂಗು ಮುಂದೆ, ಹೊಟ್ಟೆ ಹಿಂದೆ, ನೇರವಾಗಿ ಮಗ್ಗದ ಕೋಣೆಗೆ ನಡೆದ. ಹೊದಿಕೆ ಹೊದ್ದ ಪೆಟ್ಟಿಗೆಯ ಮುಂದೆ ನಿಂತು ಒಮ್ಮೆ ಉಸಿರೆಳೆದ. ಅವನು ಎಳೆದ ಉಸಿರಿಗೆ ಕಿಟಕಿಗೆ ಅಂಟಿಸಿದ್ದ ಕಾಗದ ಕಿತ್ತುಬಂತು.

“ಇಲ್ಲೈತಿ ನೋಡ್ರಿ ನಿಮ್ಮ ಬಂಗುಡಿ.”

ಆದರೆ ಬಿಚ್ಚಲಿಲ್ಲ. ಇದನ್ನು ಹಿಸಾನೋ ಗಮನಿಸಿದಳು. ಸೂಟುಧಾರಿಗಳು ಯಂತ್ರ ನೋಡಿ ಬಟ್ಟೆ ನೋಡದೆ ಹೋಗಿದ್ದರು. ಇವನು ಯಂತ್ರದ ಮೇಲೆ ಕೈಯಿಟ್ಟು, ಅವಳ ಕಡೆ ತಿರುಗಿ, “ಮೊದಲ ಬಟ್ಟಿ ತೋರಿಸ್ರಿ. ಕೆಟ್ಟದ್ದ ತೋರಿಸ್ರಿ, ಚಂದಂದು ಆಮ್ಯಾಲ ನೋಡೂಣು” ಅಂದ.

ಅವಳು ಬಿಚ್ಚದೆ ಉಳಿಸಿಕೊಂಡಿದ್ದ ಒಂದು ಬೆರಳಗಲದ ಬಟ್ಟೆಯನ್ನು ತೋರಿಸಿದಳು. ಉರಾಬೆ ಟವೆಲಿನಲ್ಲಿ ಕೈ ಒರೆಸಿಕೊಂಡ. ಒರೆಸಿದ್ದು ಸಾಲದೆಂದು ಹೋಗಿ ತೊಳೆದುಕೊಂಡು ಬಂದ. ಆಮೇಲೆ ಆ ದಪ್ಪ ಬೆರಳುಗಳಲ್ಲಿ ಒಂದು ಸೂಜಿ ಹಿಡಿದು, ಬಟ್ಟೆಗೆ ತಾಗಿಸಿಯೂ ತಾಗಿಸದ ಹಾಗೆ, ಎಳೆ ಎಣಿಸತೊಡಗಿದ. ಅವನ ತುಟಿ ಮಾತ್ರ ಅಲುಗುತ್ತಿತ್ತು.

“ಎಂಟನೇದ ಸತ್ತೈತಿ. ಮತ್ತ ಎಂಟನೇದ. ಮತ್ತ ಎಂಟನೇದ. ಹೌದಲ್ರಿ?”

“ಹೌದು. ನಾನೂ ಎಣಿಸಿದ್ದೆ. ಕೊಕ್ಕೆಗಳದ್ದೇ ಏನೋ ತೊಂದರೆ ಅಂದ್ಕೊಂಡು ಎಲ್ಲಾ ಎಂಟನೇ ಕೊಕ್ಕೇನೂ ಬಿಚ್ಚಿ ಒರೆಸಿದೆ.”

“ಕೊಕ್ಕಿ ಏನ ತಪ್ಪ ಮಾಡ್ಯಾವ್ರಿ, ಪಾಪ. ನೋಡ್ರಿ ಅಕ್ಕಾರ, ಈ ಪೆಟಗಿ ಒಳಗ ಸುದ್ದಿ ಹೋಗೂದು ಎಂಟ ದಾರಿಯಾಗ. ಎಂಟೆಂಟ ಕೊಕ್ಕಿಗೆ ಒಮ್ಮೆ, ಎಂಟ ಸುದ್ದಿ ಜೋಡೀಲೆ ಓಡ್ತಾವ. ಏಳ ದಾರಿ ಚೊಲೊ ಅದಾವ. ಎಂಟನೇದರಾಗ ಯಾರೋ ಗುಂಡಿ ತೋಡ್ಯಾರ. ಆ ದಾರಿ ಹಿಡದ ಸುದ್ದಿ ಮುಟ್ಟೂದ ಇಲ್ಲ, ಕೊಕ್ಕಿ ಏಳೂದ ಇಲ್ಲ. ನಿಮ್ಮ ಬಟ್ಟೀನ ಎಲ್ಲಾ ಬರದ ಕೊಟ್ಟೈತಿ. ಇದಕ್ಕಿಂತ ಚೊಲೊ ಕಂಪ್ಯೂಟರ್ ಪರದೆ ನಾ ನೋಡಿಲ್ಲ.”

ಹಿಸಾನೋ ಬಟ್ಟೆಯನ್ನು ಎಷ್ಟೋ ಸಲ ನೋಡಿದ್ದಳು, ಅದು ಹೀಗೆ ಮಾತಾಡುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ. ಒಸಾಕಾದವನ ಬಗ್ಗೆ ಇದ್ದ ಅರ್ಧ ಭಯ ಅಲ್ಲೇ ಇಳಿಯಿತು. ಉಳಿದರ್ಧ ಅವನು ಸ್ಕ್ರೂ ಬಿಚ್ಚುವವರೆಗೆ ಇತ್ತು.

ಮುಚ್ಚಳ ತೆಗೆದದ್ದೇ ತಡ, ಬಂಗುಡೆ ವಾಸನೆ ಎದ್ದು ನಿಂತು ಎಲ್ಲರಿಗೂ ನಮಸ್ಕಾರ ಮಾಡಿತು. ಒಳಗೆ ಹಸಿರು ಬೋರ್ಡು. ಅದರ ಮೇಲೆ ತಾಮ್ರದ ಗೆರೆಗಳು, ಗದ್ದೆಯ ನಡುವಿನ ಬದುಗಳ ಹಾಗೆ. ಅಲ್ಲಲ್ಲಿ ಸಾಲಾಗಿ ನಿಂತ ಕೆಪಾಸಿಟರುಗಳು, ಮಕ್ಕಳಾಟದ ತಗಡಿನ ಡಬ್ಬಿಗಳಂತೆ. ಉರಾಬೆ ದೀಪ ಹತ್ತಿರ ತಂದ. ಡಬ್ಬಿಗಳ ಬುಡದಲ್ಲಿ ಏನೋ ಒಸರಿ, ಸುತ್ತಲಿನ ಹಸಿರು ಕಪ್ಪಿಟ್ಟಿತ್ತು.

“ಇವಕ್ಕ ವಯಸ್ಸಾತಂದ್ರ ತಳ ಸೋರ್ತೈತ್ರಿ. ಆ ನೀರು ಥೇಟ್ ಮೀನದ್ದ ವಾಸನಿ. ಶೆಕಿ ಹೆಚ್ಚಾದಷ್ಟೂ ಸೋರೂದು ಹೆಚ್ಚು. ಕಿಟಕಿ ಯಾಕ ಮುಚ್ಚೀರಿ?”

ಹಿಸಾನೋ ಹೊದಿಕೆಯನ್ನು ಮಡಚಿ ಬೆನ್ನ ಹಿಂದೆ ಸರಿಸಿದಳು.

“ಮ್ಯಾಲ ಈ ರಗ್ಗ ಬ್ಯಾರೆ! ಇದಕ್ಕೇನ ಜ್ವರ ಬಂದಿತ್ತೇನ್ರಿ?”

ಬಾಗಿಲಲ್ಲಿ ನಿಂತ ಫುಸಾ ಮೆಲ್ಲನೆ ಒಳಗೆ ಬಂದು ಹಿಸಾನೋಳ ಪಕ್ಕ ಕೂತಳು. “ನಾವು ಮೊದಲೇ ಕೇಳ್ಬಹುದಿತ್ತು,” ಅಂದಳು. “ಮಗ್ಗ ಖಾಲಿ ತುಳೀತಿದ್ದೀರಿ ಅನ್ನೋದೂ ನಮಗೆ ಮೊದಲ ದಿನಾನೇ ಗೊತ್ತಾಗಿತ್ತು. ಸದ್ದಲ್ಲಿ ಲಾಳಿ ಇರ್ಲಿಲ್ಲ. ಕೇಳಿದ್ರೆ ತಮಗೆ ಮುಜುಗರ ಆಗತ್ತೇನೋ ಅಂತ ಸುಮ್ಮನಿದ್ವಿ. ನಮ್ಮವರು ದಿನಾ ಗೋಡೆಗೆ ಕಿವಿಯಿಟ್ಟು ಕೂತಿರ್ತಾರೆ.”

ಹಿಸಾನೋ ತಲೆ ತಗ್ಗಿಸಿದಳು. ಗೋಡೆಯ ಆಚೆಯಿಂದ ಮುದುಕ ಸೋಮೆಯಾ ಕೆಮ್ಮಿದ್ದು ಕೇಳಿಸಿತು. ಆ ಕೆಮ್ಮು ಗೋಡೆಗೆ ತೀರಾ ಹತ್ತಿರವಿತ್ತು.

ಉರಾಬೆ ಕೆಲಸಕ್ಕೆ ಕೂತ. ಕೂತ ಮೇಲೆ ಅವನ ಬಾಯಿ ಮುಚ್ಚಿತು, ಅದೇ ಒಂದು ಪವಾಡ. ಬೆಸುಗೆ ಕಡ್ಡಿ ಕಾಯಿಸಿ, ಮೊದಲ ಡಬ್ಬಿಯ ಒಂದು ಕಾಲಿಗೆ ತಾಗಿಸಿ, ಉಸಿರು ಬಿಡುವಷ್ಟು ಹೊತ್ತು ಕಾದು, ಇನ್ನೊಂದು ಕಾಲಿಗೆ ತಾಗಿಸಿ, ಎಳೆಯದೆ, ಜಗ್ಗದೆ, ಮಗುವಿನ ಕೈಯಿಂದ ಆಟಿಕೆ ಬಿಡಿಸಿಕೊಳ್ಳುವಂತೆ ತೆಗೆದ. ಹಿಸಾನೋ ಅವನ ಮಣಿಕಟ್ಟನ್ನೇ ನೋಡುತ್ತಿದ್ದಳು. ಹರಿದ ಹಾಸಿನ ಎಳೆಗೆ ಗಂಟು ಹಾಕುವಾಗ ತನ್ನ ಮಣಿಕಟ್ಟು ಹೀಗೇ ನಿಲ್ಲುತ್ತದೆ: ಬೆರಳು ಮಾತ್ರ ಕೆಲಸ ಮಾಡುತ್ತದೆ, ಉಳಿದ ಮೈ ಮನೆಯಲ್ಲೇ ಇಲ್ಲ. ಈ ದೊಡ್ಡ ದೇಹವನ್ನು ಅವನು ಎಲ್ಲಿ ಕಳಿಸಿದ ಎಂದು ಅವಳಿಗೆ ಅಚ್ಚರಿಯಾಯಿತು.

ಡಬ್ಬಿಗಳು ಒಂದೊಂದಾಗಿ ಕೆಳಗಿಳಿದವು. ಅವನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಕಪ್ಪನ್ನು ಒರೆಸಿದ, ಮತ್ತೆ ಒರೆಸಿದ. ಕೊನೆಯ ಡಬ್ಬಿ ತೆಗೆಯುವಾಗ ಅದರ ಅಡಿಯ ತಾಮ್ರವೂ ಜೊತೆಗೇ ಎದ್ದು ಬಂತು, ಕಾದ ಹಾಲಿನ ಕೆನೆಯಂತೆ. ಉರಾಬೆ ನಿಂತುಬಿಟ್ಟ.

“ಸಿಕ್ಕಿತ್ರಿ ಗುಂಡಿ,” ಅಂದ. ಆದರೆ ದನಿಯಲ್ಲಿ ಹಿಗ್ಗಿರಲಿಲ್ಲ. “ಎಂಟನೇ ದಾರಿ ಇದರ ಹೊಟ್ಟಿ ಕೆಳಗ ಹೋಗತಿತ್ತು. ತಿಂದ ಹಾಕೈತಿ. ಈಗ ಒಂದ ಎಳಿ ಬೇಕು, ಕೂದಲಷ್ಟ ಸಣ್ಣಂದು. ಮ್ಯಾಲ ಸೇತುವಿ ಕಟ್ಟಬೇಕು. ಒಂದ ಸಲ. ಎರಡನೇ ಸಲ ಕಡ್ಡಿ ತಾಗಿಸಿದ್ರ ಬಾಜೂಕಿನ ದಾರೀನೂ ಕಿತ್ತ ಬರ್ತಾವ.”

ಚೀಲಕ್ಕೆ ಕೈ ಹಾಕಿದ. ಬುಡದವರೆಗೆ ಹುಡುಕಿದ. ಚೀಲವನ್ನು ಬೋರಲು ಹಾಕಿದ. ಹೊಸ ಡಬ್ಬಿಗಳು, ತಕೋಯಾಕಿಯ ಖಾಲಿ ಪೊಟ್ಟಣ ಬಿದ್ದವು. ತಂತಿಯ ಸುರುಳಿ ಬೀಳಲಿಲ್ಲ. ಅದು ಒಸಾಕಾದ ಮೇಜಿನ ಮೇಲೇ ಉಳಿದಿತ್ತು.

ಆಗ ಹಿಸಾನೋ ಎದ್ದಳು. ಅಜ್ಜಿಯ ಕಾಲದ ಮರದ ಪೆಟ್ಟಿಗೆ ತೆರೆದು, ಅರಮನೆಯವರಿಗೆಂದು ನೇಯ್ದ ಓಬಿಯಲ್ಲಿ ಉಳಿದಿದ್ದ ಒಂದೇ ಒಂದು ಜರಿ ಎಳೆಯನ್ನು, ಅಪ್ಪಟ ಚಿನ್ನದ್ದು, ಎರಡು ಬೆರಳಲ್ಲಿ ಹಿಡಿದು ತಂದಳು. ಕೋಣೆಗೆ ಎರಡನೆಯ ಸೂರ್ಯ ಬಂದ ಹಾಗಾಯಿತು. ಉರಾಬೆಯ ಭುಜದ ಹಿಂದೆ ನಿಂತು ಎಲ್ಲಕ್ಕೂ ಸಲಹೆ ಕೊಡುತ್ತಿದ್ದ ಯಾಸುಕೆ, “ಎಡಕ್ಕೆ, ಸ್ವಲ್ಪ ಎಡಕ್ಕೆ” ಅಂದ. ಉರಾಬೆ ಚಿನ್ನದೆಳೆಯನ್ನು ಗುಂಡಿಯ ಮೇಲೆ ಹಾಸಿ, ಕಣ್ಣು ಮುಚ್ಚಿ, ಬರೀ ಮೂಗಿನ ಅಂದಾಜಿನಲ್ಲಿ ಕಡ್ಡಿ ತಾಗಿಸಿದ. ಚಹಾ ಆರುವ ಮುಂಚೆ ಹೊಸ ಡಬ್ಬಿಗಳೆಲ್ಲ ಕೂತವು. ಸ್ವಿಚ್ಚು ಒತ್ತಿದರೆ ಕಂಪ್ಯೂಟರು ಗೊರಗೊರ ಅನ್ನದೆ ದೇವಸ್ಥಾನದ ಗಂಟೆಯಂತೆ ಠಣ್ ಅಂದಿತು, ಯಾಕೆಂದರೆ ಅದರ ನರದಲ್ಲೀಗ ಜರಿ ಇತ್ತು, ಆಮೇಲೆ ನೇಯ್ದ ಹಕ್ಕಿಗಳು ಕಣ್ಣು ಪಿಳುಕಿಸಿ...

“ಯಾವ ಜರಿ?”

ಈ ಮಾತು ಕತೆಯೊಳಗಿನದಲ್ಲ. ತೋಫು ಅಂಗಡಿಯ ಕಟ್ಟೆಯ ಆಚೆಯಿಂದ ಬಂದದ್ದು. ಬಟ್ಟಲು ಹಿಡಿದು ಹಿಸಾನೋ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದಲೋ ದೇವರಿಗೇ ಗೊತ್ತು.

“ಯಾಸುಕೆಸಾನ್, ನಮ್ಮ ಜರಿ ಅಂದ್ರೆ ಕಾಗದಕ್ಕೆ ಅರಗು ಬಳಿದು ಅಂಟಿಸಿರೋ ಚಿನ್ನದ ರೇಕು. ಕಾದ ಕಡ್ಡಿ ತಾಗಿಸಿದ್ರೆ ಭಗ್ ಅಂತ ಹತ್ಕೊಳ್ಳತ್ತೆ. ನಿಶಿಜಿನ್ನಲ್ಲಿ ಹುಟ್ಟಿ ಬೆಳೆದೂ ಇದು ಮರೆತುಹೋಯ್ತಲ್ಲ. ತಮ್ಮ ಕಲ್ಪನೆ ಬಹಳ ಸಮೃದ್ಧಿಯಾಗಿದೆ.”

ಕ್ಯೋಟೋದಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

“ಅಷ್ಟೇ ಅಲ್ಲ. ಆ ಹೊತ್ತು ತಾವು ಉರಾಬೆಸಾನ್ ಹಿಂದೆ ನಿಂತಿದ್ರಾ? ನನಗೆ ಕಾಣಿಸ್ಲೇ ಇಲ್ಲ. ನನ್ನ ಕಣ್ಣೇ ಮಂದ ಆಗಿರ್ಬೇಕು.”

ಕಟ್ಟೆಯ ಮುಂದೆ ಕೂತು ಕೇಳುತ್ತಿದ್ದ ಗಿರಾಕಿಗಳೆಲ್ಲ ಈಗ ಈ ಕಡೆ ತಿರುಗಿದ್ದಾರೆ. ಬೃಹಸ್ಪತಿ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಾನೆ.

ಸರಿ. ಸಿಕ್ಕಿಬಿದ್ದೆ. ಯಾಸುಕೆ ಎಂದರೆ ನಾನೇ, ಮುಖ ನೋಡಿದವರಿಗೆ ಸಿನಿಮಾ ನಟನ ಮಾತೂ ಎಷ್ಟು ನಿಜವೆಂದು ಗೊತ್ತಾಗಿರಬೇಕು. ಆ ದಿನ ಒಲೆಯ ಮೇಲೆ ಸೋಯಾ ಹಾಲು ಕುದಿಯುತ್ತಿತ್ತು, ಬಿಟ್ಟು ಹೋಗುವ ಹಾಗಿರಲಿಲ್ಲ. ನಾನು ಅಲ್ಲಿರಲೇ ಇಲ್ಲ. ಬಂಗುಡೆ ಸುಡುವವರು ಯಾರು ಎಂದು ಅವನು ಕೂಗಿದ್ದನ್ನು ಅಂಗಡಿಯಿಂದಲೇ ಕೇಳಿದೆ. ಉಳಿದದ್ದನ್ನು ಹಿಸಾನೋ ನಾಲ್ಕೈದು ಮಾತಲ್ಲಿ ಹೇಳಿದ್ದಳು. ಅಷ್ಟು ಕಡಿಮೆ ಮಾತಿನ ಕತೆಯನ್ನು ಯಾರು ಕೇಳುತ್ತಾರೆ ಅಂತ ಸ್ವಲ್ಪ ಬೆಳೆಸಿದೆ.

ನಡೆದದ್ದು ಹೀಗೆ. ತಂತಿ ಇಲ್ಲವೆಂದು ತಿಳಿದಾಗ ಎದ್ದವಳು ಫುಸಾ. ಮನೆಗೆ ಹೋಗಿ, ಬಾಗಿಲ ಕರೆಗಂಟೆಯನ್ನು ಬಿಚ್ಚಿ, ಗೋಡೆಯಿಂದ ಅದರ ವೈರು ಎಳೆದುಕೊಂಡು ಬಂದಳು. ಉರಾಬೆ ಪ್ಲಾಸ್ಟಿಕ್ಕು ಸೀಳಿ, ಒಳಗೆ ಹೊಸೆದಿದ್ದ ಎಳೆಗಳಲ್ಲಿ ತೀರಾ ಸಣ್ಣದೊಂದನ್ನು ಬಿಡಿಸಿಕೊಂಡ. ಅವನು ಕಣ್ಣು ಮುಚ್ಚಲಿಲ್ಲ. ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡಿದ್ದ. ಹಿಸಾನೋ ದೀಪ ಹಿಡಿದಳು, ಫುಸಾ ಬೋರ್ಡು ಅಲುಗದ ಹಾಗೆ ಅಂಚು ಹಿಡಿದಳು. ಎಳೆ ಒಂದೇ ಸಲಕ್ಕೆ ಕೂತಿತು, ಹೊಸ ಡಬ್ಬಿಗಳೂ ಕೂತವು. ಆದರೆ ಸ್ವಿಚ್ಚು ಒತ್ತಿದರೆ ಕಂಪ್ಯೂಟರು ಏಳಲಿಲ್ಲ.

ಠಣ್ ಇಲ್ಲ, ಗೊರಗೊರವೂ ಇಲ್ಲ. ಇಲ್ಲಿ ಅವನ ಮೂಗೂ ಏನೂ ಮಾಡಲಿಲ್ಲ. ಮೀಟರಿನ ಎರಡು ಸೂಜಿ ಹಿಡಿದು, ಬೋರ್ಡಿನ ಒಂದೊಂದೇ ಗೆರೆಯ ಎರಡು ತುದಿಗೆ ಒತ್ತುತ್ತ ಹೋದ. ಗೆರೆ ಸರಿಯಿದ್ದರೆ ಮೀಟರು ಪೀಂ ಅನ್ನುತ್ತದೆ. ಪೀಂ. ಮುಂದಿನದು. ಪೀಂ. ಮುಂದಿನದು. ಊಟ ಬೇಡವೆಂದ. ಬಿಸಿಲು ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಹೋಯಿತು. ಒಂದು ಕಡೆ ಪೀಂ ಬರಲಿಲ್ಲ. ಗೆರೆ ಬೋರ್ಡನ್ನು ತೂರಿ ಹಿಂಬದಿಗೆ ದಾಟುವ ಸಾಸಿವೆಯಷ್ಟು ತೂತಿನೊಳಗೂ ಆ ಮೀನು ನೀರು ಇಳಿದು, ಅಲ್ಲಿಯವರೆಗೆ ಹೇಗೋ ಹಿಡಿದುಕೊಂಡಿದ್ದ ತಾಮ್ರ ಒರೆಸುವಾಗ ಕಡಿದುಹೋಗಿತ್ತು. ಕರೆಗಂಟೆಯ ಇನ್ನೊಂದು ಎಳೆ ಅಲ್ಲಿಗೆ ಹೋಯಿತು, ಪೆಟ್ಟಿಗೆ ಗೊರಗೊರ ಅಂದಿತು. ಇದನ್ನು ಹೇಳಿದಾಗ ಹಿಸಾನೋ, “ನನ್ನ ಹಾಗೆ ಎಣಿಸೋರು ಇನ್ನೊಬ್ರು ಇದ್ದಾರೆ ಅಂತ ಗೊತ್ತಾಯ್ತು” ಅಂದಳು, ಅಷ್ಟೇ. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ, ಕೇಳಿದ್ದೇನೆಂದು ಹೇಳಿದರೆ ಅದೂ ಸುಳ್ಳು.

ಒಂದನ್ನು ಮಾತ್ರ ನಾನೇ ಕಿವಿಯಾರೆ ಕೇಳಿದೆ. ಸಂಜೆ ತೋಫು ಕತ್ತರಿಸುತ್ತಿದ್ದಾಗ ಅವಳ ಮಗ್ಗ ಒಂದು ಸಲ ಟಕ್ ಅಂದಿತು. ನಿಂತಿತು. ಅವಳು ಬಟ್ಟೆಯ ಮೇಲೆ ಕೈಯಾಡಿಸುತ್ತಿದ್ದಾಳೆಂದು ಓಣಿಗೆಲ್ಲ ಗೊತ್ತಾಯಿತು. ಆಮೇಲೆ ಮತ್ತೆ ಶುರುವಾಯಿತು, ಈ ಸಲ ಲಾಳಿಯೊಂದಿಗೆ. ಗೋಡೆಯ ಆಚೆ ಮುದುಕ ಸೋಮೆಯಾ ಮಗುವಿನ ಹಾಗೆ ಗಟ್ಟಿಯಾಗಿ ಅತ್ತ. ಕೊನಾತ್ಸು ಆ ಓಬಿಯನ್ನೇ ಕಟ್ಟಿಕೊಂಡು ಮದುವೆಗೆ ಹೊರಟದ್ದನ್ನು ನಾನು ಈ ಕಟ್ಟೆಯ ಮೇಲೆ ನಿಂತು ನೋಡಿದೆ. ಹಕ್ಕಿಗಳು ಕಣ್ಣು ಪಿಳುಕಿಸಲಿಲ್ಲ. ಕಣ್ಣು ಇದ್ದವು, ಅಷ್ಟೇ.

“ಒಂದು ತುಂಡು, ಮೆತ್ತಗಿರೋದು ಕೊಡಿ,” ಅಂತ ಹಿಸಾನೋ ಬಟ್ಟಲು ಚಾಚುತ್ತಿದ್ದಾಳೆ. ಮುಖದಲ್ಲಿ ನಗು ಇದ್ದ ಹಾಗಿದೆ, ಕ್ಯೋಟೋದವಳು, ಖಚಿತವಾಗಿ ಹೇಳಲಾರೆ.

ಸೋಮೆಯಾ ಮನೆಯ ಕರೆಗಂಟೆ ಇವತ್ತಿಗೂ ಮೂಕ. ಫುಸಾ ಅದನ್ನು ರಿಪೇರಿ ಮಾಡಿಸಿಲ್ಲ. ಬಂದವರು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಬೇಕು, ಹಿಸಾನೋ ಕೂಡ ಕೂಗುತ್ತಾಳೆ. ಇದಂತೂ ಸುಳ್ಳಲ್ಲ, ಬೇಕಾದರೆ ಹೋಗಿ ಗುಂಡಿ ಒತ್ತಿ ನೋಡಿ.